ಬೀಗಿತ್ತಿಯ ಸ್ಪ್ಯಾನಿಷ್, ಭಾವನ ಇಂಗ್ಲಿಷ್: ನುಡಿಗಟ್ಟಿನ ಪುಸ್ತಕದ ಐದನೆಯ ತಿಂಗಳು

ಪುಸ್ತಕದಲ್ಲಿ ಈಗ 143 ನಮೂದುಗಳಿವೆ. ಕಳೆದ ತಿಂಗಳು 160 ಇದ್ದವು. ಹದಿನೇಳನ್ನು ಹೊಡೆದುಹಾಕಿದ್ದೇ ಈ ತಿಂಗಳ ದೊಡ್ಡ ಕೆಲಸ.

ಹಿನ್ನೆಲೆ ಇಷ್ಟು. ಅಕ್ಕ ಮದುವೆಯಾಗಿರುವುದು ಮೆಕ್ಸಿಕೋದ ಪುವೆಬ್ಲಾ ಊರಿನವರನ್ನು. ಇಬ್ಬರೂ ಇರುವುದು ಹ್ಯೂಸ್ಟನ್ನಿನಲ್ಲಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಮ್ಮ ಮತ್ತು ನಾನು ಮೈಸೂರಿನಲ್ಲಿ ಮೊಬೈಲಿನ ಮುಂದೆ ಕುಳಿತರೆ ಪುವೆಬ್ಲಾದಲ್ಲಿ ಶನಿವಾರ ರಾತ್ರಿ ಎಂಟೂವರೆ. ಬೀಗರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು, ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬೇಡ. ಭಾವ ಸ್ಪ್ಯಾನಿಷನ್ನು ಇಂಗ್ಲಿಷಿಗೆ ತರುತ್ತಾರೆ, ನಾನು ಇಂಗ್ಲಿಷನ್ನು ಕನ್ನಡಕ್ಕೆ. ಅಕ್ಕನ ಸ್ಪ್ಯಾನಿಷ್ ಇನ್ನೂ ತರಕಾರಿ ಅಂಗಡಿಯ ಮಟ್ಟದಲ್ಲಿದೆ. ಭಾವ ಇಂಗ್ಲಿಷ್ ಕಲಿತದ್ದು ದೊಡ್ಡವರಾದ ಮೇಲೆ. ಹಾಗಾಗಿ ಪದಕ್ಕೆ ಪದ ಇಡುತ್ತಾರೆ. ಅದನ್ನು ಸರಿಪಡಿಸಲೆಂದೇ ಈ ಪುಸ್ತಕ ಹುಟ್ಟಿತು: ಒಂದು ಅಂಕಣದಲ್ಲಿ ಸ್ಪ್ಯಾನಿಷ್ ಮಾತು, ಎರಡನೆಯದರಲ್ಲಿ ಅದರ ಪದಾರ್ಥ, ಮೂರನೆಯದರಲ್ಲಿ ಇಂಗ್ಲಿಷಿನವರು ಅಂಥ ಹೊತ್ತಿನಲ್ಲಿ ನಿಜವಾಗಿ ಆಡುವ ಮಾತು.

ಮೊದಲ ವಾರ

ಸುಲಭದವನ್ನು ಮುಗಿಸಿದೆ. ಬೆಕ್ಕಿಗೆ ಇಂಗ್ಲಿಷಿನಲ್ಲಿ ಒಂಬತ್ತು ಜೀವ, ಸ್ಪ್ಯಾನಿಷಿನಲ್ಲಿ ಏಳೇ. ಗಡಿ ದಾಟುವಾಗ ಎರಡು ಹೋಗುತ್ತವೆ. ಕೈಯಲ್ಲಿರುವ ಒಂದು ಹಕ್ಕಿಗೆ ಇಂಗ್ಲಿಷಿನವರು ಪೊದೆಯಲ್ಲಿರುವ ಎರಡನ್ನು ಬಿಟ್ಟುಕೊಡುತ್ತಾರೆ, ಸ್ಪ್ಯಾನಿಷಿನವರು ಹಾರುವ ನೂರನ್ನು. ಜೋರು ಮಳೆ ಬಂದರೆ ಇಂಗ್ಲಿಷಿನಲ್ಲಿ ನಾಯಿ ಬೆಕ್ಕು ಬೀಳುತ್ತವೆ, ಸ್ಪ್ಯಾನಿಷಿನಲ್ಲಿ ‘ಯೊವೆರ್ ಆ ಕಾಂತಾರೋಸ್’, ಅಂದರೆ ಕೊಡಗಟ್ಟಲೆ ಸುರಿಯುತ್ತದೆ. ನಮ್ಮ ಕುಂಭದ್ರೋಣ ಮಳೆಯ ಕುಂಭವೂ ಕೊಡವೇ ತಾನೆ. ಅಮ್ಮನಿಗೆ ಇದನ್ನು ಹೇಳಿದಾಗ, ‘ಮತ್ತೆ ನಡುವೆ ಆ ನಾಯಿ ಬೆಕ್ಕು ಯಾಕೆ ತಂದೆ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ವಾರ

ಈ ವಾರ ‘ಕೊನ್ಸ್ವೆಗ್ರಾ’ ಎಂಬ ಒಂದೇ ಪದ ನನ್ನನ್ನು ಹಿಡಿದು ಕೂರಿಸಿತು. ಭಾವನ ತಾಯಿ ಅಮ್ಮನನ್ನು ಕರೆಯುವುದೇ ಹಾಗೆ. ಭಾವ ಇಂಗ್ಲಿಷಿನಲ್ಲಿ ‘ನನ್ನ ಮಗನ ಹೆಂಡತಿಯ ತಾಯಿ’ ಎಂದು ಮೂರು ಮೆಟ್ಟಿಲು ಹತ್ತಿಸಿ ಹೇಳುತ್ತಿದ್ದರು, ನಾನೂ ಅದೇ ಮೆಟ್ಟಿಲು ಇಳಿದು ಅಮ್ಮನಿಗೆ ತಲುಪಿಸುತ್ತಿದ್ದೆ. ಆಕೆ ಹೇಳುತ್ತಿದ್ದದ್ದು ‘ಬೀಗಿತ್ತಿ’ ಎಂದು ಹೊಳೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹೆಂಡತಿಯ ತಂಗಿಯ ಗಂಡನಿಗೆ ಅಲ್ಲಿ ‘ಕೊನ್‌ಕೂನ್ಯೊ’ ಎನ್ನುತ್ತಾರೆ, ನಮ್ಮ ಷಡ್ಡಕ. ಮೊನ್ನೆಗೆ ‘ಅಂತೆಅಯೆರ್’. ಮೂರಕ್ಕೂ ಇಂಗ್ಲಿಷಿನಲ್ಲಿ ಬಳಕೆಯ ಒಂಟಿ ಪದವಿಲ್ಲ. ಸಂಬಂಧಿಕರ ವಿಷಯಕ್ಕೆ ಬಂದರೆ ಇಂಗ್ಲಿಷ್ ಬಡವರ ಮನೆ. ಮೂರನೆಯ ಅಂಕಣವನ್ನು ಖಾಲಿ ಬಿಡಲು ನಿರ್ಧರಿಸಿದೆ. ತುಂಬಲೇಬೇಕೆಂಬ ಹಟದಲ್ಲಿ ಹಿಂದೆ ಬರೆದಿದ್ದ ಹನ್ನೊಂದು ನಮೂದುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದೆ. ಉಳಿದ ಆರು ಬರೀ ಎರಡೆರಡು ಸಲ ಬರೆದವು.

ಮೂರನೆಯ ವಾರ, ಒಂದು ಅಪಘಾತ

ಬೀಗಿತ್ತಿ ಅಕ್ಕನನ್ನು ಹೊಗಳುತ್ತ ‘ನೊ ತಿಯೆನೆ ಪೆಲೋಸ್ ಎನ್ ಲಾ ಲೆಂಗ್ವಾ’ ಎಂದರು. ಭಾವ: ‘ಅವಳ ನಾಲಿಗೆಯ ಮೇಲೆ ಕೂದಲಿಲ್ಲ.’ ನಾನು ಜಾಣತನ ತೋರಿಸಲು ಹೋಗಿ, ಕೂದಲನ್ನು ಕಿತ್ತು ಎಲುಬು ಇಟ್ಟೆ: ‘ನಿಮ್ಮ ಮಗಳದು ಎಲುಬಿಲ್ಲದ ನಾಲಿಗೆಯಂತೆ.’ ಅಮ್ಮನ ಮುಖ ಸಣ್ಣದಾಯಿತು. ಕರೆ ಮುಗಿದ ಮೇಲೂ ಎರಡು ದಿನ ಮಾತಿಲ್ಲ.

ಸ್ಪ್ಯಾನಿಷಿನಲ್ಲಿ ಅದು ಮುಚ್ಚುಮರೆಯಿಲ್ಲದೆ ನೇರವಾಗಿ ಮಾತನಾಡುವವರ ಬಗ್ಗೆ ಹೇಳುವ ಮಾತು. ನಮ್ಮ ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುವಂಥದ್ದು. ಎರಡರಲ್ಲೂ ನಾಲಿಗೆಯಿದೆ, ಎರಡರಲ್ಲೂ ಏನೋ ಒಂದು ಇಲ್ಲ. ಅಷ್ಟಕ್ಕೇ ನಾನು ಮೋಸಹೋದೆ. ಮಂಗಳವಾರ ಅಮ್ಮನಿಗೆ ಬಿಡಿಸಿ ಹೇಳಿದೆ: ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದರ್ಥ. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವಳಿಗೆ ಸ್ವಲ್ಪ ಹುಷಾರಾಗಿರಲು ಹೇಳು’ ಎಂದು ಅಮ್ಮ ಕಾಫಿ ಕೊಟ್ಟರು. ಅಂದಿನಿಂದ ನಾಲ್ಕನೆಯ ಅಂಕಣ ಶುರು: ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಹೊಗಳಿಕೆಯೋ ತೆಗಳಿಕೆಯೋ.

ಆ ಅಂಕಣ ಬಂದ ಕೂಡಲೇ ಹಳೆಯ ಎರಡು ಗಂಟುಗಳು ಸಡಿಲವಾದವು. ಒಂದು, ‘ಅಓರೀತಾ’. ‘ಅಓರಾ’ ಎಂದರೆ ಈಗ. ಅದರ ಮುದ್ದಿನ ರೂಪ ಇದು. ಇಂಗ್ಲಿಷಿನಲ್ಲಿ ‘ಈ ಕ್ಷಣ’ ಎಂದು ಬರೆದುಕೊಂಡು, ಬೀಗರು ಅಓರೀತಾ ಕರೆಯುತ್ತೇನೆ ಎಂದಾಗಲೆಲ್ಲ ನಾವು ಸ್ನಾನಕ್ಕೂ ಏಳದೆ ಕಾದಿದ್ದೇವೆ. ಮೆಕ್ಸಿಕೋದಲ್ಲಿ ಅದು ಈಗಲೂ ಆಗಬಹುದು, ಒಂದು ಗಂಟೆಯ ನಂತರವೂ ಆಗಬಹುದು, ಆಗದೆಯೂ ಇರಬಹುದು. ದೂರುವ ಹಕ್ಕು ನಮಗಿಲ್ಲ. ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಫೋನಿನಲ್ಲಿ ‘ಬಂದೆ, ಬಂದೆ’ ಎಂದು ಭೂತಕಾಲದಲ್ಲಿ ಹೇಳುವವರು ನಾವು. ಅಂದ ಹಾಗೆ, ಊಟಕ್ಕೆ ಕರೆದಾಗ ಸ್ಪ್ಯಾನಿಷಿನವರು ‘ಯಾ ವೊಯ್’, ಅಂದರೆ ‘ಇದೋ ಹೋಗುತ್ತೇನೆ’ ಎನ್ನುತ್ತಾರೆ. ಭಾವ ಅದನ್ನೇ ಇಂಗ್ಲಿಷಿಗಿಟ್ಟು ‘ಐ ಆಮ್ ಗೋಯಿಂಗ್’ ಎಂದಾಗ, ತಟ್ಟೆ ಹಾಕಿದ ಮೇಲೆ ಎಲ್ಲಿಗೆ ಹೊರಟರು ಎಂದು ಅಕ್ಕ ಮೊದಮೊದಲು ರೇಗುತ್ತಿದ್ದಳಂತೆ.

ಎರಡನೆಯದು ‘ಸು ಕಾಸಾ’, ನಿಮ್ಮ ಮನೆ. ‘ನಿನ್ನೆ ನಿಮ್ಮ ಮನೆಯಲ್ಲಿ ತಮಾಲೆಸ್ ಮಾಡಿದೆವು’ ಎಂದು ಬೀಗಿತ್ತಿ ಒಮ್ಮೆ ಹೇಳಿದ್ದರು. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಕಡುಬು ಅದು. ಅಮ್ಮ ತಿರುಗಿ ನಮ್ಮ ಅಡುಗೆಮನೆಯತ್ತ ನೋಡಿದ್ದರು. ಅಲ್ಲಿನ ಹಿರಿಯರ ಮರ್ಯಾದೆಯ ಮಾತಿನಲ್ಲಿ ತಮ್ಮ ಮನೆಯನ್ನೇ ‘ನಿಮ್ಮ ಮನೆ’ ಎನ್ನುವುದುಂಟು. ಇಂಗ್ಲಿಷ್ ಅಂಕಣದಲ್ಲಿ ‘ನಮ್ಮ ಮನೆಯಲ್ಲಿ’ ಎಂದೇ ಬರೆಯಬೇಕು. ಅರ್ಥ ಸರಿಯಾಯಿತು, ಆಕೆ ಬಾಗಿಲು ತೆರೆದು ನಿಂತದ್ದು ಮಾತ್ರ ಕಾಣದಾಯಿತು.

ನಾಲ್ಕನೆಯ ವಾರ

ಗೌರಿಗೆ ಬಾಗಿನ ಯಾಕೆ ಕೊಡುತ್ತಾರೆ ಎಂದು ಅಮ್ಮ ವಿವರಿಸುತ್ತಿದ್ದರು. ಮೂರನೆಯ ಯತ್ನಕ್ಕೆ ಬೀಗರು ಹಣೆ ತಟ್ಟಿಕೊಂಡು ‘ಮೆ ಕಯೋ ಎಲ್ ವೇಂತೆ’ ಎಂದರು: ನನಗೆ ಇಪ್ಪತ್ತು ಬಿತ್ತು, ಅಂದರೆ ಈಗ ಹೊಳೆಯಿತು. ಮೆಕ್ಸಿಕೋದ ಸಾರ್ವಜನಿಕ ಫೋನುಗಳಿಗೆ ಹಿಂದೆ 20 ಸೆಂತಾವೊ ನಾಣ್ಯ ಹಾಕಬೇಕಿತ್ತು, ನಾಣ್ಯ ಬಿದ್ದರೆ ಮಾತು ಕೂಡುತ್ತಿತ್ತು. ಅರ್ಜೆಂಟೀನಾದವರಿಗೆ ಬೀಳುವುದು ‘ಫಿಚಾ’, ಅಂದರೆ ಬಿಲ್ಲೆ. ಬ್ರಿಟನ್ನಿನವರಿಗೆ ‘ದ ಪೆನ್ನಿ ಡ್ರಾಪ್ಡ್’. ಅದೂ ನಾಣ್ಯ ನುಂಗುವ ಯಂತ್ರದ ಮಾತೇ. ಚಿತ್ರವೂ ಅರ್ಥವೂ ಒಟ್ಟಿಗೆ ದಾಟುವಂಥದ್ದು ಪುಸ್ತಕದಲ್ಲಿ ಅಪರೂಪ. ಇದಕ್ಕೆ ನಕ್ಷತ್ರದ ಗುರುತು ಹಾಕಿದೆ. ಒಂದು ರೂಪಾಯಿ ನುಂಗುವ ಪೆಟ್ಟಿಗೆ ಫೋನು ನಮ್ಮಲ್ಲೂ ಅಂಗಡಿಗಳ ಮುಂದೆ ನೇತಾಡುತ್ತಿತ್ತು. ಅದರಿಂದ ಕನ್ನಡಕ್ಕೆ ಒಂದು ನುಡಿಗಟ್ಟೂ ದಕ್ಕಲಿಲ್ಲವಲ್ಲ ಎಂಬ ಬೇಸರ ನನಗಿದೆ.

143ನೆಯ ನಮೂದು ಅರ್ಧಕ್ಕೆ ನಿಂತಿದೆ. ಸ್ಪ್ಯಾನಿಷಿನಲ್ಲಿ ‘ಉಸ್ತೆದ್’ ಎಂದರೆ ನೀವು, ‘ತೂ’ ಎಂದರೆ ನೀನು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಇಷ್ಟು ದಿನ ಉಸ್ತೆದ್ ಎನ್ನುತ್ತಿದ್ದ ಬೀಗಿತ್ತಿ ಕಳೆದ ಭಾನುವಾರ ಅಮ್ಮನಿಗೆ ತೂ ಎಂದರು, ಒಮ್ಮೆಯಲ್ಲ, ಕರೆ ಮುಗಿಯುವವರೆಗೂ. ಭಾವ ಎಂದಿನಂತೆ ಇಂಗ್ಲಿಷ್ ಮಾಡಿದರು, ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಮ್ಮ ಜೀವಮಾನದಲ್ಲಿ ಯಾವ ಬೀಗಿತ್ತಿಯಿಂದಲೂ ನೀನು ಎನ್ನಿಸಿಕೊಂಡವರಲ್ಲ. ನಾನು ಕನ್ನಡಕ್ಕೆ ತರುವಾಗ ನೀವು ಎಂದೇ ಹೇಳಿದೆ. ಅಕ್ಕನನ್ನು ಕೇಳಿದರೆ, ‘ಅಮ್ಮನಿಗೆ ನೀನೇ ಹೇಳು’ ಎನ್ನುತ್ತಾಳೆ. ನಾಲ್ಕನೆಯ ಅಂಕಣದಲ್ಲಿ ಸದ್ಯಕ್ಕೆ ಪೆನ್ಸಿಲಿನಲ್ಲಿ ತಾರೀಕು ಮಾತ್ರ ಇದೆ.