ಬಾಲ್ಸಮ್‌ರೂಟ್ ಬೀಜದ ಕೆಲಸ: ಚಳಿ ಬೇಕು, ವರ್ಷಗಳೂ ಬೇಕು

ಅಮೆರಿಕದ ಐಡಾಹೊ, ಯೂಟಾ, ಪೂರ್ವ ಒರೆಗಾನ್ ಕಡೆಯ ಸೇಜ್‌ಬ್ರಷ್ ಎಂಬ ಕುರುಚಲು ಪೊದೆಯ ಬಯಲಲ್ಲಿ, ಕಲ್ಲು ತುಂಬಿದ ಇಳಿಜಾರಿನಲ್ಲಿ ಏಪ್ರಿಲ್‌ನಿಂದ ಹಳದಿ ಹೂ ಬಿಡುವ ಗಿಡ ಆರೋಲೀಫ್ ಬಾಲ್ಸಮ್‌ರೂಟ್, ಸೂರ್ಯಕಾಂತಿಯ ಕುಟುಂಬದ್ದು. ಕೆಟ್ಟ ನೆಲದಲ್ಲಿ ಇದನ್ನು ಮತ್ತೆ ಬೆಳೆಸುವ ಕೆಲಸ ಹೆಚ್ಚಾಗಿ ಕೆಡುವುದು ಆತುರದಿಂದಲೇ.

ಬೀಜ ಕೊಯ್ಯುವ ಮೊದಲು ಗಿಡ ಸರಿಯಾಗಿ ಗುರುತಿಸಿ. ಪಕ್ಕದಲ್ಲೇ ಇದನ್ನೇ ಹೋಲುವ ಮ್ಯೂಲ್ಸ್ ಇಯರ್ಸ್ ಎಂಬ ಗಿಡ ಬೆಳೆದಿರುತ್ತದೆ, ಹೂ ನೋಡಿದರೆ ಮೋಸ ಹೋಗುತ್ತೀರಿ. ಎಲೆ ನೋಡಿ: ಬಾಲ್ಸಮ್‌ರೂಟ್ ಎಲೆ ಬಾಣದ ಮೊನೆಯಂತೆ, ಬೂದುಬಣ್ಣದ ರೋಮದಿಂದ ಕೂಡಿ ಬುಡದಿಂದಲೇ ಏಳುತ್ತದೆ. ಮ್ಯೂಲ್ಸ್ ಇಯರ್ಸ್‌ದು ನುಣುಪಾದ ಹೊಳೆಯುವ ಹಸಿರು ಎಲೆ, ಕಾಂಡದ ಮೇಲೂ ಇರುತ್ತದೆ. ಎರಡೂ ಬೆರೆತ ಚೀಲವನ್ನು ಆಮೇಲೆ ಬೇರ್ಪಡಿಸುವುದು ಬಹಳ ಕಷ್ಟ.

ಹೂವಿನ ತಲೆ ಒಣಗಿ ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಬೀಜ ಉದುರುವಾಗ ಕೊಯ್ಯಿರಿ. ತಡಮಾಡಿದರೆ ಗಾಳಿಗೆ ಎಲ್ಲ ನೆಲಕ್ಕೆ. ಕೊಯ್ಯುವ ಜಾಗದಲ್ಲೇ ಕೆಲವು ಬೀಜ ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಬಿಳಿಯಾಗಿ ಗಟ್ಟಿಯಾಗಿದ್ದರೆ ಒಳ್ಳೆಯದು. ಪೊಳ್ಳು ಅಥವಾ ಕಂದು ಪುಡಿ ಕಂಡರೆ ಹುಳು ತಿಂದಿದೆ. ಹೂವಿನ ತಲೆಯೊಳಗೇ ನೊಣದ ಮರಿಹುಳು, ಸೊಂಡಿಲು ಕೀಟ ಬೆಳೆಯುತ್ತವೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗೆ ಕಂಡರೆ ಆ ಗುಡ್ಡ ಬಿಟ್ಟು ಮುಂದೆ ಹೋಗುವುದೇ ಲೇಸು. ಕೊಯ್ದದ್ದನ್ನು ಕಾಗದದ ಅಥವಾ ಬಟ್ಟೆಯ ಚೀಲಕ್ಕೆ ಹಾಕಿ ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್‌ನಲ್ಲಿ ಬೆವರಿ ಬೂಸ್ಟು ಬರುತ್ತದೆ.

ಬೀಜ ಮೊಳೆಯಲು ಒದ್ದೆ ಚಳಿ ಬೇಕೇ ಬೇಕು: 1ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 12 ವಾರ. ಒದ್ದೆ ಮರಳು ಅಥವಾ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜ) ಜೊತೆ ಕಲೆಸಿ ಫ್ರಿಜ್‌ನಲ್ಲಿಡಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕೊನೆಯ ವಾರಗಳಲ್ಲಿ ಮೇಲಿಂದ ಮೇಲೆ ತೆಗೆದು ನೋಡಬೇಕು, ಏಕೆಂದರೆ ಚಳಿಯಲ್ಲೇ ಮೊಳಕೆ ಬರುತ್ತದೆ, ಉದ್ದವಾದ ಬೇರು ಕೈತಾಗಿದರೆ ಮುರಿಯುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಅಕ್ಟೋಬರ್–ನವೆಂಬರ್‌ನಲ್ಲಿ ನೇರ ನೆಲಕ್ಕೆ, ಒಂದು ಸೆಂಟಿಮೀಟರ್ ಆಸುಪಾಸಿನ ಆಳದಲ್ಲಿ ಬಿತ್ತುವುದು ಉತ್ತಮ; ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ಚೀಟ್‌ಗ್ರಾಸ್ ಎಂಬ ಕಳೆಹುಲ್ಲು ಇರುವಲ್ಲಿ ಮಾತ್ರ ಅದನ್ನು ತೆಗೆಯದೆ ಬಿತ್ತಬೇಡಿ. ಆ ಹುಲ್ಲು ಮೊದಲೇ ಚಿಗುರಿ ವಸಂತದ ತೇವವನ್ನೆಲ್ಲ ಕುಡಿದುಬಿಡುತ್ತದೆ.

ಬೆಳೆದ ಗಿಡ ಅಗೆದು ನೆಡುವ ಯೋಚನೆಯೇ ಬೇಡ. ತಾಯಿಬೇರು ಎರಡು ಮೀಟರ್‌ಗೂ ಮಿಕ್ಕಿ ಇಳಿಯುತ್ತದೆ, ತುಂಡಾದರೆ ಗಿಡ ಉಳಿಯುವುದು ಅಪರೂಪ. ಸಸಿ ಮಾಡುವುದಿದ್ದರೆ ಕನಿಷ್ಠ 20 ಸೆಂಟಿಮೀಟರ್ ಆಳದ ಕೊಳವೆ ಕುಂಡ ಬೇಕು. ಬೆಂಕಿ ಬಿದ್ದ ನೆಲದಲ್ಲಿ ಬಿತ್ತುವ ಮುನ್ನ ಒಮ್ಮೆ ಸುತ್ತಾಡಿ ನೋಡಿ: ಹಳೆಯ ಗಿಡ ಬುಡದಿಂದ ತಾನೇ ಚಿಗುರುತ್ತದೆ, ಅಲ್ಲಿ ದುಬಾರಿ ಬೀಜ ಚೆಲ್ಲುವುದು ದಂಡ.

ಬೇಸಿಗೆ ನಡುವೆ ಸಸಿಯ ಎಲೆ ಒಣಗಿದರೆ ಹೆದರಿ ನೀರು ಸುರಿಯಬೇಡಿ, ಬುಡ ಕೊಳೆಯುತ್ತದೆ. ಅದು ಗಿಡದ ನಿದ್ದೆಯ ಕಾಲ. ಎಷ್ಟು ಬದುಕಿವೆ ಎಂಬ ಎಣಿಕೆಯನ್ನು ಏಪ್ರಿಲ್–ಮೇನಲ್ಲೇ ಮಾಡಿ. ಮೊದಲ ಹೂವಿಗೆ ಕಡಿಮೆಯೆಂದರೂ ಮೂರು–ನಾಲ್ಕು ವರ್ಷ ಬೇಕಾದ್ದರಿಂದ, ಎರಡೇ ವರ್ಷದ ಯೋಜನೆಯ ವರದಿಯಲ್ಲಿ ಹೂವಿನ ಲೆಕ್ಕದ ಬದಲು ಸಸಿಯ ಲೆಕ್ಕ ಬರೆಯಿರಿ.