46 ಮೀಟರ್

ಆಸ್ಪತ್ರೆಯ ಉದ್ದನೆಯ ಕಾರಿಡಾರ್. ಆ ತುದಿಗೊಂದು, ಈ ತುದಿಗೊಂದು ಕಿತ್ತಳೆ ಬಣ್ಣದ ಕೋನ್. ನಡುವೆ 30 ಮೀಟರ್. ಸ್ಟಾಪ್‌ವಾಚ್ ಹಿಡಿದ ಹುಡುಗಿ ನನ್ನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದಳು. "ಆರು ನಿಮಿಷದಲ್ಲಿ ಆದಷ್ಟು ಜಾಸ್ತಿ ದೂರ ನಡೀಬೇಕು ಮೇಡಂ. ಓಡಬಾರದು. ಸುಸ್ತಾದ್ರೆ ನಿಂತ್ಕೊಳ್ಳಿ, ಆದ್ರೆ ನಾನು ವಾಚ್ ನಿಲ್ಸಲ್ಲ."

ಮೂರು ತಿಂಗಳ ಹಿಂದೆ ಇದೇ ಜಾಗದಲ್ಲಿ ಎರಡು ಸಲ ಗೋಡೆಗೆ ಒರಗಿ ನಿಂತು 312 ಮೀಟರ್ ನಡೆದಿದ್ದೆ. ಕಾಯಿಲೆಗೆ ಹೆಸರು ಸಿಕ್ಕ ವಾರ ಅದು: ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವುದು. ಅದಕ್ಕೂ ಮೊದಲು ಒಂದೂವರೆ ವರ್ಷ ಒಬ್ಬರು ಉಬ್ಬಸ ಅಂದರು, ಇನ್ನೊಬ್ಬರು ರಕ್ತ ಕಮ್ಮಿ ಅಂದರು, ಮತ್ತೊಬ್ಬರು ಸುಮ್ನೆ ಟೆನ್ಷನ್ ಅಂದರು. ಕೊನೆಗೆ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಅನುಮಾನ ಬಂತು. ಹೃದಯದ ಬಲಭಾಗಕ್ಕೆ ಸಣ್ಣ ನಳಿಗೆ ತೂರಿಸಿ ಅಳೆದಾಗ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಸರಾಸರಿ ಒತ್ತಡ 52 ಇತ್ತು. ಮಾಮೂಲಿ 14ರ ಆಸುಪಾಸು ಇರಬೇಕಂತೆ, 20 ದಾಟಿದರೆ ಜಾಸ್ತಿ ಅಂತ ಲೆಕ್ಕ. ತಮಾಷೆ ಅಂದರೆ ತೋಳಿನ ಬಿ.ಪಿ. ನನಗೆ ಯಾವಾಗಲೂ ಕಮ್ಮಿ. "ಹೈಪರ್‌ಟೆನ್ಷನ್ ಅಂತೆ" ಎಂದರೆ "ಉಪ್ಪು ಬಿಡಿ, ಸರಿಹೋಗುತ್ತೆ" ಅನ್ನುವವರಿಗೆ ಇದನ್ನು ವಿವರಿಸಿ ವಿವರಿಸಿಯೇ ಉಸಿರು ಕಟ್ಟುತ್ತಿತ್ತು.

ಬಿ.ಪಿ. ಕಮ್ಮಿ ಇದ್ದದ್ದರಿಂದ ಮೊದಲಿಗೆ ಒಂದೇ ಮಾತ್ರೆ ಶುರು ಮಾಡಿದರು. ಸಿಲ್ಡೆನಫಿಲ್ 20, ದಿನಕ್ಕೆ ಮೂರು. ಹೌದು, ವಯಾಗ್ರದಲ್ಲಿರುವ ಅದೇ ಔಷಧಿ. ಚೀಟಿ ನೋಡಿ ಮೆಡಿಕಲ್ ಶಾಪ್‌ನ ಹುಡುಗ ನನ್ನ ಮುಖವನ್ನೂ ನೋಡಿದ. ಮೊದಮೊದಲು ಅದನ್ನು ಪರೀಕ್ಷೆ ಮಾಡಿದ್ದು ಎದೆನೋವಿಗೆ ಅಂತ ಅವನಿಗೆ ಹೇಳೋಣ ಅನ್ನಿಸಿತು, ಹೇಳಲಿಲ್ಲ.

ಮೊದಲ ಎರಡು ವಾರ ತಲೆನೋವು, ಮುಖ ಬಿಸಿ, ಮೂಗು ಕಟ್ಟುವುದು. ಉಸಿರಾಟ ಹಾಗೇ ಇತ್ತು. "ಔಷಧಿ ಬಂದಾಯ್ತಲ್ಲ, ಇನ್ನೇನು ಮೊದಲಿನ ಹಾಗೆ ಆಗಿಬಿಡ್ತೀಯ" ಎಂದು ಎಲ್ಲರೂ ಹೇಳಿದ್ದರು. ನಾನೂ ಹಾಗೇ ನಂಬಿದ್ದೆ.

ಬದಲಾವಣೆ ಶುರುವಾದದ್ದು ಐದನೇ ವಾರದ ಹೊತ್ತಿಗೆ. ಅದೂ ನಡಿಗೆಯಲ್ಲಿ ಅಲ್ಲ, ಜಡೆಯಲ್ಲಿ. ಈ ಕಾಯಿಲೆಯವರಿಗೆ ಎರಡೂ ಕೈ ಮೇಲೆತ್ತಿ ಮಾಡುವ ಕೆಲಸ ಮಹಾ ಕಷ್ಟ. ಮೂರು ಎಳೆ ಹೆಣೆದು, ಕೈ ಇಳಿಸಿ, ಉಸಿರು ತಗೊಂಡು ಮತ್ತೆ ಹೆಣೆಯಬೇಕು. ಅಷ್ಟರಲ್ಲಿ ಹೆಣೆದದ್ದು ಸಡಿಲ. ಒಂದು ಬೆಳಿಗ್ಗೆ ರಬ್ಬರ್ ಬ್ಯಾಂಡ್ ಹಾಕಿದ ಮೇಲೆ ನೆನಪಾಯ್ತು, ನಡುವೆ ನಿಲ್ಲಿಸಿಯೇ ಇರಲಿಲ್ಲ.

ಆದ್ದರಿಂದ ಆ ದಿನ ಕಾರಿಡಾರ್‌ನಲ್ಲಿ ಧೈರ್ಯವಾಗಿಯೇ ಹೊರಟೆ. ಹುಡುಗಿ ನಿಮಿಷಕ್ಕೊಮ್ಮೆ "ಚೆನ್ನಾಗಿ ನಡೀತಿದ್ದೀರಿ, ಇನ್ನು ನಾಲ್ಕು ನಿಮಿಷ ಇದೆ" ಅನ್ನುತ್ತಿದ್ದಳು. ಅದಕ್ಕಿಂತ ಜಾಸ್ತಿ ಹುರಿದುಂಬಿಸುವಂತಿಲ್ಲವಂತೆ, ಎಲ್ಲರಿಗೂ ಅದೇ ಮಾತು. ನಾಲ್ಕನೇ ನಿಮಿಷಕ್ಕೆ ಎದೆ ಬಿಗಿಯಿತು. ನಿಧಾನ ಮಾಡಿದೆ, ನಿಲ್ಲಲಿಲ್ಲ.

358.

ಬರೀ 46 ಮೀಟರ್ ಜಾಸ್ತಿ. ಆ ಕಾರಿಡಾರ್ ಒಂದೂವರೆ ಸಲ ದಾಟಿದರೆ ಮುಗಿಯಿತು. ಮೂರು ತಿಂಗಳು, ಇನ್ನೂರೆಪ್ಪತ್ತು ಮಾತ್ರೆ ನುಂಗಿ ಇಷ್ಟೇನಾ? ಡಾಕ್ಟರ ಮುಂದೆ ಕೂತಾಗ ಅಳು ಬಂದೇಬಿಟ್ಟಿತು.

ಅವರಿಗೆ ಬೇಸರವಿರಲಿಲ್ಲ. "ಈ ಮಾತ್ರೆಯ ಪ್ರಯೋಗಗಳಲ್ಲಿ ಸರಾಸರಿ ಲಾಭವೇ 45ರಿಂದ 50 ಮೀಟರ್. ಸುಮಾರು 30 ಮೀಟರ್ ಹೆಚ್ಚಿದರೂ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತೆ. ನಿಮಗೆ ಗೊತ್ತಾಗಿಲ್ವಾ?" ಜಡೆಯ ಕಥೆ ಹೇಳಿದೆ. ಅದನ್ನೂ ಫೈಲಿನಲ್ಲಿ ಬರೆದುಕೊಂಡರು.

"ಒತ್ತಡ 52ರಿಂದ ಎಷ್ಟಕ್ಕೆ ಇಳಿದಿರಬಹುದು ಡಾಕ್ಟ್ರೇ?" ಎಂದೆ. ಅದನ್ನು ಎಣಿಸುತ್ತಾ ಕೂರಬೇಡಿ ಎಂದರು. ಒಂದೇ ಮಾತ್ರೆಯಿಂದ ಅದು ಇಳಿಯುವುದು ಸಾಮಾನ್ಯವಾಗಿ ಕೆಲವೇ ಅಂಕ. ದಪ್ಪವಾದ ನಾಳದ ಗೋಡೆ ಇದರಿಂದ ಮೊದಲಿನ ಹಾಗೆ ತೆಳುವಾಗುವುದಿಲ್ಲ. ನಾಳ ಸ್ವಲ್ಪ ಸಡಿಲವಾಗುತ್ತೆ, ಹೃದಯದ ಬಲಭಾಗಕ್ಕೆ ತಳ್ಳುವ ಕಷ್ಟ ಕಮ್ಮಿಯಾಗುತ್ತೆ. ಅವರು ನೋಡುವುದು ಆ ಹೃದಯವನ್ನು. ಅದು ದಣಿದಾಗ ರಕ್ತದಲ್ಲಿ ಏರುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಅಂಶ ನನಗೆ 1400 ಇದ್ದದ್ದು 620ಕ್ಕೆ ಬಂದಿತ್ತು. ಬೇಕಾದದ್ದು 300ರ ಒಳಗೆ. ನಡಿಗೆ 440 ದಾಟಬೇಕು.

"ಹಾಗಾದರೆ ನಾನು ಫೇಲ್."

"ಫೇಲ್ ಅಲ್ಲ, ಸಾಲದು. ಅದಕ್ಕೇ ಇವತ್ತು ಎರಡನೇ ಮಾತ್ರೆ ಸೇರಿಸ್ತೀನಿ." ಈಗ ಹೆಚ್ಚಿನವರಿಗೆ ಮೊದಲಿನಿಂದಲೇ ಎರಡು ಮಾತ್ರೆ ಒಟ್ಟಿಗೆ ಕೊಡುತ್ತಾರಂತೆ. 2015ರ ಒಂದು ದೊಡ್ಡ ಪ್ರಯೋಗದಲ್ಲಿ ಆಂಬ್ರಿಸೆಂಟಾನ್ ಮತ್ತು ತಡಲಫಿಲ್ ಜೊತೆಯಾಗಿ ತಗೊಂಡವರಲ್ಲಿ ಚಿಕಿತ್ಸೆ ಕೈಕೊಡುವ ಸಂಭವ, ಒಂದೇ ಮಾತ್ರೆಯವರಿಗಿಂತ ಅರ್ಧದಷ್ಟು ಮಾತ್ರ ಇತ್ತು.

ಏಳುವ ಮುಂಚೆ ಇನ್ನೊಂದು ಕೇಳಿದೆ. ಮುಂದಿನ ಸಲವೂ 358ರಲ್ಲೇ ನಿಂತರೆ?

"ಮದ್ದು ಇನ್ನೂ ಹೆಚ್ಚಿಸಬೇಕಾ ಅಂತ ನೋಡ್ತೀನಿ. ಆದರೆ ಹಾಗೇ ಬಿಟ್ಟರೆ ನಡಿಗೆ ಇಳೀತಾ ಹೋಗೋ ಕಾಯಿಲೆ ಇದು. ಇಳಿಯದೆ ನಿಂತಿದ್ದನ್ನ ನಾನಂತೂ ಸೋಲು ಅನ್ನಲ್ಲ."

ಮನೆಗೆ ಬಂದೆ. ಮೆಟ್ಟಿಲು 18. ಮೊದಲು ಒಂಬತ್ತನೆಯದರಲ್ಲಿ ಕೂರುತ್ತಿದ್ದೆ. ಆ ದಿನ ಹದಿಮೂರರಲ್ಲಿ ಕೂತೆ. ಮೇಲಿನಿಂದ ಮಗಳು "ಅಮ್ಮ, ಏನಂದ್ರು?" ಎಂದು ಕೂಗಿದಳು. ತಡಿ ಎಂದು ಕೈಸನ್ನೆ ಮಾಡಿ ಹೊಸ ಮಾತ್ರೆಯ ಚೀಟಿ ಓದಿದೆ. ಕಾಲು ಊದಬಹುದು ಎಂದು ಬರೆದಿತ್ತು. ಚಪ್ಪಲಿಯ ಪಟ್ಟಿ ಈಗ ಯಾವ ತೂತಿನಲ್ಲಿದೆ ಎಂದು ಬಗ್ಗಿ ನೋಡಿಕೊಂಡೆ. ಎರಡನೆಯದು.