ಮಳೆಗಾಲದ ಕಡಲಹಕ್ಕಿ ದಾಖಲೆ: ಜುಲೈ ನಡುವಿನವರೆಗೆ

ಮಳೆಗಾಲದ ಗಾಳಿಗೆ ದಡಕ್ಕೆ ಬಿದ್ದ ಕಡಲಹಕ್ಕಿಗಳನ್ನು ಹುಡುಕಿ ಬರೆದಿಡಲು ಕುಂದಾಪುರದ ಕೋಡಿಯಿಂದ ಬೀಜಾಡಿಯತ್ತ ದಂಡೆಯ ನಡಿಗೆ ಮುಂದುವರಿದಿದೆ. ಜೋರು ಗಾಳಿ ಬೀಸಿದ ಮರುದಿನ ಬೆಳಿಗ್ಗೆಯೇ ಹೋಗಬೇಕು. ತಡವಾದರೆ ನಾಯಿ, ಕಾಗೆ, ಏಡಿಗಳು ಕೆಲಸ ಮುಗಿಸಿರುತ್ತವೆ.

ಈ ಸಲವೂ ಸಿಕ್ಕವುಗಳಲ್ಲಿ ಬ್ರೈಡಲ್ಡ್ ಟರ್ನ್ ಎಂಬ ಕಡಲಹಕ್ಕಿಗಳದ್ದೇ ಮೇಲುಗೈ. ಕಳೆದ ವಾರ ಮಾಸ್ಕ್ಡ್ ಬೂಬಿ ಎಂಬ ದೊಡ್ಡ ಕಡಲಹಕ್ಕಿಯೊಂದು ಜೀವಂತ ಸಿಕ್ಕಿತು. "ಗಾಳಿಗೆ ಬಿದ್ದದ್ದು ಮಾರಾಯ್ರೆ, ನೀರಿಗೆ ಬಿಟ್ರೆ ಹೋಗ್ತದೆ" ಅಂತ ಕೈರಂಪಣಿಯವರು (ದಡದಿಂದ ಬಲೆ ಎಳೆಯುವ ಮೀನುಗಾರರು) ಎತ್ತಿಕೊಂಡೇಬಿಟ್ಟಿದ್ದರು. ತಡೆಯಲು ಸಾಕುಸಾಕಾಯಿತು. ದಡಕ್ಕೆ ಬಂದು ಕೂತ ಕಡಲಹಕ್ಕಿಗೆ ಹಾರುವ ತ್ರಾಣವೇ ಇರುವುದಿಲ್ಲ. ಮತ್ತೆ ಅಲೆಗೆ ಎಸೆದರೆ ಮುಳುಗಿಸಿದ ಹಾಗೆಯೇ. ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿದೆವು.

ಪಶುವೈದ್ಯರು ಮೊದಲು ನೋಡಿದ್ದು ಎದೆ. ನಡುವಿನ ಮೂಳೆಯ ಎರಡೂ ಬದಿ ಬೆರಳಾಡಿಸಿದರೆ ಹಕ್ಕಿಯ ಹಿಂದಿನ ದಿನಗಳ ಕಥೆ ಸಿಗುತ್ತದೆ. ಅದಕ್ಕೊಂದು ಅಂಕಿ ಕೊಡುತ್ತೇವೆ: ಮಾಂಸ ಉಬ್ಬಿದ್ದರೆ 3, ಏನೂ ಉಳಿದಿಲ್ಲವಾದರೆ 0. ಇದರ ಮೂಳೆ ಮೆಟ್ಟುಕತ್ತಿಯ ಬೆನ್ನಿನ ಹಾಗೆ ಎದ್ದು ನಿಂತಿತ್ತು. 1 ಎಂದು ಬರೆದುಕೊಂಡೆ. ಎದೆ ತುಂಬಿದ್ದೂ ಸತ್ತಿದ್ದರೆ ಹಸಿವು ಕಾರಣವಲ್ಲ, ಆಗ ಪೆಟ್ಟು, ವಿಷ, ರೋಗದ ಕಡೆ ನೋಡಬೇಕು. ಬರೀ ತೂಕಕ್ಕಿಂತ ಈ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ, ಒದ್ದೆ ಗರಿಯೇ ತೂಕ ಕೆಡಿಸುತ್ತದೆ.

ಹೊಟ್ಟೆಯ ಗರಿಗಳಲ್ಲಿ ಟಾರು (ಕಡಲಿಗೆ ಸೇರಿದ ಎಣ್ಣೆ ಗಟ್ಟಿಯಾದ ಜಿಡ್ಡು) ಇರಲಿಲ್ಲ. ಮಳೆಗಾಲದಲ್ಲಿ ಟಾರಿನ ಉಂಡೆಗಳು ದಡಕ್ಕೆ ಬರುವುದರಿಂದ ಅದನ್ನು ತಪ್ಪದೆ ನೋಡುತ್ತೇನೆ. ಅಂಗೈಯಗಲ ಜಿಡ್ಡು ಹತ್ತಿದರೂ ಗರಿಯೊಳಗೆ ನೀರು ನುಗ್ಗಿ ಹಕ್ಕಿ ಚಳಿಗೇ ಸಾಯಬಹುದು.

ದಾಖಲೆಗೆ ಹೊಸದಾಗಿ ಸೇರಿಸಿದ್ದು ಕಣ್ಣಿನ ಫೋಟೊ. 2022ರಲ್ಲಿ ಸ್ಕಾಟ್ಲೆಂಡಿನ ಬಾಸ್ ರಾಕ್ ದ್ವೀಪದಲ್ಲಿ ಎಚ್5ಎನ್1 ಹಕ್ಕಿಜ್ವರ ಬಂದಾಗ, ಸೋಂಕಿನಿಂದ ಬದುಕುಳಿದ ಎಷ್ಟೋ ಗ್ಯಾನೆಟ್ ಎಂಬ ಕಡಲಹಕ್ಕಿಗಳ ತಿಳಿನೀಲಿ ಕಣ್ಣು ಕಪ್ಪಾಗಿತ್ತು. ಬೂಬಿ ಅದೇ ಕುಟುಂಬದ್ದು. ನಮ್ಮದರ ಕಣ್ಣು ಹಳದಿಯಾಗಿಯೇ ಇತ್ತು. ಅಷ್ಟಕ್ಕೇ ರೋಗವಿಲ್ಲ ಎನ್ನಲಾಗದು, ಆದರೆ ಮುಂದೆ ಹೋಲಿಸಲು ಒಂದು ಚಿತ್ರವಂತೂ ಆಯಿತು.

ಸತ್ತ ಹಕ್ಕಿಗಳನ್ನು ನಾನು ಮುಟ್ಟುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿಂದ, ಬದಿಯಿಂದ ಫೋಟೊ, ಜಾಗದ ಗುರುತು, ಅಷ್ಟೇ. ಒಂದೇ ಕಡೆ ನಾಲ್ಕಾರು ಸತ್ತಿದ್ದರೆ ತಕ್ಷಣ ಪಶುಸಂಗೋಪನಾ ಇಲಾಖೆಗೆ ತಿಳಿಸುವುದು.

ಮಳೆಗಾಲದ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆಯುವ ಮೀನುಗಾರಿಕೆ) ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಬೋಟುಗಳು ಇಳಿದ ಮೇಲೆ ಬಲೆ ಸುತ್ತಿಕೊಂಡ ಹಕ್ಕಿಗಳಿಗೆ ಬೇರೆಯೇ ಕಾಲಂ ಬೇಕಾಗಬಹುದು, ಈಗಲೇ ಹಾಕಿಟ್ಟಿದ್ದೇನೆ.